ಮನೆಗೆ ಹತ್ತಿರದ ಶಾಲೆ

ಬೇಸಗೆಯ ರಜೆ ಕಳೆದು ಮುಂಗಾರಿನ ಮೋಡ ಕಟ್ಟುವ ಹೊತ್ತಿಗೆ ಮಕ್ಕಳನ್ನು ಯಾವ ಶಾಲೆಗೆ ಸೇರಿಸಬೇಕೆಂಬ ಮಾತು ಮನೆಗಳಲ್ಲಿ ಏಳುತ್ತಿದ್ದ ಕಾಲವೊಂದಿತ್ತು. ಈಗ ಮಾವು ಹೂ ಬಿಡುವ ಮೊದಲೇ ಅರ್ಜಿಗಳ ಕಾಲ ಮುಗಿದಿರುತ್ತದೆ. ದಕ್ಷಿಣ ಬೆಂಗಳೂರಿನ ನಮ್ಮ ಬಡಾವಣೆಯ ಪಾರ್ಕಿನಲ್ಲಿ ಸಂಜೆಯ ಹೊತ್ತು ಇಬ್ಬರು ತಂದೆಯರು ಒಂದೇ ಬೆಂಚಿನ ಮೇಲೆ ಕುಳಿತರೆ ಮೂರನೆಯ ಮಾತಿಗೆ ಶಾಲೆಯ ವಿಷಯ ಬಂದೇ ಬರುತ್ತದೆ. ಫೀಸೆಷ್ಟು, ವ್ಯಾನು ಎಷ್ಟು ಹೊತ್ತಿಗೆ ಬರುತ್ತದೆ, ಸಿಲಬಸ್ಸು ರಾಜ್ಯದ್ದೋ ಕೇಂದ್ರದ್ದೋ, ಹತ್ತನೆಯ ತರಗತಿಯ ಫಲಿತಾಂಶ ಹೇಗೆ - ಇವು ಅಲ್ಲಿ ನಡೆಯುವ ಚರ್ಚೆಗಳು. ಅದನ್ನು ಕೇಳುವವರಿಗೆ ಶಾಲೆಯನ್ನು ಆರಿಸುವ ಈ ಸ್ವಾತಂತ್ರ್ಯ ತಾಯ್ತಂದೆಯರಿಗೆ ಎಂದಿನಿಂದಲೂ ಇದ್ದದ್ದು ಎಂಬ ಭಾವನೆ ಬಂದರೆ ಆಶ್ಚರ್ಯವಿಲ್ಲ. ಆದರೆ ನಮ್ಮ ಊರಿನ ಶಾಲೆಗಳ ಚರಿತ್ರೆ ಹೇಳುವ ಕಥೆ ಬೇರೆ.

ಮೈಸೂರು ಸೀಮೆಯಲ್ಲಿ ಸರ್ಕಾರದ ವಿದ್ಯಾ ಇಲಾಖೆ ಹುಟ್ಟಿದ್ದು 1857ರಲ್ಲಿ. ಅದಕ್ಕೆ ಮುಂಚೆ ಸಾಮಾನ್ಯರ ಮಕ್ಕಳಿಗೆ ಗತಿಯಾಗಿದ್ದದ್ದು ಕೂಲಿಮಠ. ಐಗಳು ಯಾರದಾದರೂ ಜಗಲಿಯ ಮೇಲೋ ಗುಡಿಯ ಮಂಟಪದಲ್ಲೋ ಕುಳಿತು ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದರು. ಮಗ್ಗಿ, ಲೆಕ್ಕ, ಅಮರಕೋಶ, ಜೈಮಿನಿ ಭಾರತದ ಪದ್ಯಗಳನ್ನು ಬಾಯಿಪಾಠ ಮಾಡಿಸುತ್ತಿದ್ದರು. ಮಹಾನವಮಿ ಬಂದಾಗ ಹುಡುಗರು ಮನೆಮನೆಗೆ ಹೋಗಿ ಚೌಪದ ಹಾಡಿ ಐಗಳಿಗೆ ಸಂಭಾವನೆ ಕೂಡಿಸುತ್ತಿದ್ದರು. ಅಲ್ಲಿ ಆಯ್ಕೆಯ ಪ್ರಶ್ನೆಯೇ ಇರಲಿಲ್ಲ. ಓಣಿಗೆ ಐಗಳಿದ್ದರೆ ಓದು, ಇಲ್ಲದಿದ್ದರೆ ಇಲ್ಲ. ಇದ್ದರೂ ಅದು ಎಲ್ಲ ಜಾತಿಯ ಮಕ್ಕಳಿಗೆ ತೆರೆದ ಬಾಗಿಲಾಗಿರಲಿಲ್ಲ. ಹೆಣ್ಣುಮಕ್ಕಳಿಗಂತೂ ಬಹುಮಟ್ಟಿಗೆ ಮುಚ್ಚಿದ ಬಾಗಿಲೇ.

1858ರಲ್ಲಿ ಬೆಂಗಳೂರಿನಲ್ಲಿ ಸರ್ಕಾರದ ಹೈಸ್ಕೂಲು ಆರಂಭವಾಯಿತು. ರೆವರೆಂಡ್ ಜಾನ್ ಗ್ಯಾರೆಟ್ಟರು ಅದರ ಮೊದಲ ಮುಖ್ಯಸ್ಥರು. ಮುಂದೆ 1875ರಲ್ಲಿ ಸೆಂಟ್ರಲ್ ಕಾಲೇಜು ಎಂಬ ಹೆಸರು ಪಡೆದ ಸಂಸ್ಥೆಯ ಮೂಲ ಇದೇ. ಶಾಸನಗಳ ಸಂಪುಟಗಳಿಂದ ಕನ್ನಡಿಗರಿಗೆಲ್ಲ ಪರಿಚಿತರಾದ ಬಿ.ಎಲ್. ರೈಸರು 1860ರಲ್ಲಿ ಈ ಹೈಸ್ಕೂಲಿನ ಹೆಡ್‌ಮಾಸ್ತರರಾಗಿ ಬಂದವರು. ಹೋಬಳಿಗೊಂದು ಶಾಲೆ ಇರಬೇಕೆಂಬ 1868ರ ಯೋಜನೆ ಅವರದೇ. ಶಾಸನಗಳನ್ನು ಓದಿದ ರೈಸರನ್ನು ನಾವು ನೆನೆಯುತ್ತೇವೆ. ಹೋಬಳಿಯ ಹುಡುಗರ ಕೈಗೆ ಸ್ಲೇಟು ಕೊಡಿಸಲು ಹೊರಟ ರೈಸರನ್ನು ಅಷ್ಟಾಗಿ ನೆನೆಯುವುದಿಲ್ಲ. ಶಾಲೆ ಜನರಿದ್ದೆಡೆಗೆ ಬರಬೇಕು, ಜನ ಶಾಲೆಯಿದ್ದೆಡೆಗೆ ಅಲೆಯಬಾರದು ಎಂಬ ವಿಚಾರ ನಮ್ಮ ನಾಡಿನ ಆಡಳಿತದೊಳಕ್ಕೆ ಬಂದದ್ದು ಹೀಗೆ.

ಆದರೆ ಪ್ರಾಥಮಿಕ ಓದು ಮುಗಿದ ಮೇಲೆ ದಾರಿ ಎರಡಾಗಿ ಕವಲೊಡೆಯುತ್ತಿತ್ತು. ಕನ್ನಡದಲ್ಲೇ ಮುಂದುವರಿದರೆ ಹುಡುಗ ಬಹಳವಾದರೆ ಶಾನುಭೋಗನೋ ಹಳ್ಳಿಯ ಮೇಷ್ಟರೋ ಆದಾನು. ಆಂಗ್ಲೋ ವರ್ನಾಕ್ಯುಲರ್ ಶಾಲೆ, ಅಂದರೆ ಜನರ ಬಾಯಲ್ಲಿ 'ಎ.ವಿ. ಸ್ಕೂಲು', ಸೇರಿದರೆ ಹೈಸ್ಕೂಲು, ಅಲ್ಲಿಂದ ಕಾಲೇಜು, ಅಲ್ಲಿಂದ ಅಠಾರಾ ಕಚೇರಿ. ಮಾಧ್ಯಮಿಕ ಎಂಬ ಮಾತೂ ಮಾಧ್ಯಮ ಎಂಬ ಮಾತೂ 'ಮಧ್ಯ' ಎಂಬ ಒಂದೇ ಶಬ್ದದಿಂದ ಹುಟ್ಟಿದವು. ನಮ್ಮಲ್ಲಿ ಆ ಎರಡರ ನಂಟು ವ್ಯಾಕರಣದಲ್ಲಿ ನಿಲ್ಲಲಿಲ್ಲ, ಬದುಕಿಗೂ ಇಳಿಯಿತು. ಮಿಡ್ಲ್ ಸ್ಕೂಲಿನ ಪ್ರಶ್ನೆ ಅಂದಿನಿಂದಲೂ ಇಂಗ್ಲಿಷಿನ ಪ್ರಶ್ನೆಯೇ. ಇಂದಿನ ಗೊಂದಲಕ್ಕೆ ನಿನ್ನೆ ಮೊನ್ನೆಯ ಜಾಹೀರಾತುಗಳನ್ನು ಮಾತ್ರ ದೂರುವವರು ಇದನ್ನು ಗಮನಿಸಬೇಕು.

ಇನ್ನು ಬಡಾವಣೆಗಳ ಮಾತು. ಚಾಮರಾಜಪೇಟೆ ರೂಪುಗೊಂಡದ್ದು 1892ರಲ್ಲಿ. 1898ರಲ್ಲಿ ಪ್ಲೇಗು ಬಂದು ಪೇಟೆಯ ಇಕ್ಕಟ್ಟಿನ ಬೀದಿಗಳು ಖಾಲಿಯಾದ ಮೇಲೆ ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು. ಗಾಳಿ ಬೆಳಕಿನ ಮನೆ, ಅಗಲವಾದ ರಸ್ತೆ, ಸಾಲುಮರ, ಮಾರುಕಟ್ಟೆ, ದೇವಸ್ಥಾನ - ಎಲ್ಲಕ್ಕೂ ಜಾಗ ದೊರೆಯಿತು. ಹೈಸ್ಕೂಲು ಮಾತ್ರ ತಡವಾಗಿ ಬಂತು. ಕೋಟೆಯ ಪಕ್ಕದಲ್ಲಿ 1907ರಲ್ಲಿ ಆರಂಭವಾದ ಫೋರ್ಟ್ ಹೈಸ್ಕೂಲು ಪೇಟೆಯ ಹುಡುಗರಿಗೂ ಚಾಮರಾಜಪೇಟೆಯ ಹುಡುಗರಿಗೂ ನಡೆದು ಹೋಗುವಷ್ಟು ಹತ್ತಿರವಿತ್ತು. 1917ರಲ್ಲಿ ಆನಿ ಬೆಸೆಂಟರ ರಾಷ್ಟ್ರೀಯ ಶಿಕ್ಷಣದ ಉತ್ಸಾಹದಿಂದ ಬಸವನಗುಡಿಯ ಮಗ್ಗುಲಲ್ಲಿ ನ್ಯಾಷನಲ್ ಹೈಸ್ಕೂಲು ಹುಟ್ಟಿತು. 1935ರಲ್ಲಿ ಎನ್. ಅನಂತಾಚಾರ್ಯರು ಆಚಾರ್ಯ ಪಾಠಶಾಲೆಯನ್ನು ಆರಂಭಿಸಿದರು. ಇವು ಲಾಭಕ್ಕೆ ಹುಟ್ಟಿದ ಶಾಲೆಗಳಲ್ಲ. ಉಪಾಧ್ಯಾಯರೂ ಊರಿನ ನಾಲ್ಕು ಜನರೂ ಸೇರಿ, ತಮ್ಮ ಸುತ್ತಿನ ಮಕ್ಕಳಿಗೆಂದು ಕಟ್ಟಿದವು.

ಹೆಣ್ಣುಮಕ್ಕಳ ವಿಷಯದಲ್ಲಿ 'ಹತ್ತಿರ' ಎಂಬ ಮಾತಿಗೆ ಇನ್ನೂ ಹೆಚ್ಚಿನ ಅರ್ಥವಿತ್ತು. ಮೈಸೂರಿನಲ್ಲಿ 1881ರಲ್ಲಿ ಮಹಾರಾಣಿಯವರ ಬಾಲಿಕಾ ಪಾಠಶಾಲೆ ಆರಂಭವಾದಾಗ ಮೇಲ್ಜಾತಿಯ ಮನೆಗಳು ಹೆಣ್ಣುಮಕ್ಕಳನ್ನು ಹೊರಗೆ ಕಳುಹಿಸಲು ಹಿಂಜರಿಯುತ್ತಿದ್ದವು. ಅರಮನೆಯ ಹೆಸರಿನ ಆಸರೆ ಇದ್ದದ್ದರಿಂದಲೇ ಬಾಗಿಲು ಸ್ವಲ್ಪ ತೆರೆಯಿತು. ಬಸವನಗುಡಿಯ ಮಹಿಳಾ ಸೇವಾ ಸಮಾಜ ಬೆಂಗಳೂರಿನಲ್ಲಿ ಇದೇ ಕೆಲಸವನ್ನು ಬಡಾವಣೆಯೊಳಗೆ ಮಾಡಿತು. ಗಂಡುಹುಡುಗನಿಗೆ ಎರಡು ಮೈಲಿ ನಡೆದರೆ ವ್ಯಾಯಾಮ. ಹೆಣ್ಣುಮಗುವಿಗೆ ಎರಡು ಮೈಲಿ ಎಂದರೆ ಓದಿಗೆ ಶರಣು ಹೊಡೆದಂತೆ. ಮನೆಯ ಹತ್ತಿರ ಶಾಲೆ ಇದ್ದದ್ದರಿಂದಲೇ ನಮ್ಮ ಅಜ್ಜಿಯರ ತಲೆಮಾರಿನ ಎಷ್ಟೋ ಜನ ಕಾಗದ ಬರೆಯಬಲ್ಲವರಾದರು.

ಹತ್ತಿರದಲ್ಲಿ ಹೈಸ್ಕೂಲಿಲ್ಲದವರ ಪಾಡೇನು? ಕುವೆಂಪು ಅವರು ತೀರ್ಥಹಳ್ಳಿಯ ಎ.ವಿ. ಸ್ಕೂಲನ್ನು ಮುಗಿಸಿ ಮಲೆನಾಡನ್ನು ಬಿಟ್ಟು ಮೈಸೂರಿನ ವೆಸ್ಲಿಯನ್ ಮಿಷನ್ ಹೈಸ್ಕೂಲಿಗೆ ಬರಬೇಕಾಯಿತು. ಅಲ್ಲಿಯ ಇಂಗ್ಲಿಷಿನ ಗಾಳಿಗೆ ಅವರ ಮೊದಲ ಕವನಗಳು ಇಂಗ್ಲಿಷಿನಲ್ಲೇ ಹೊರಬಂದು 1922ರಲ್ಲಿ 'ಬಿಗಿನರ್ಸ್ ಮ್ಯೂಸ್' ಆಗಿ ಅಚ್ಚಾದವು. ನಿಮ್ಮ ನುಡಿಯಲ್ಲಿ ಬರೆಯಿರಿ ಎಂದು ಐರಿಷ್ ಕವಿ ಜೇಮ್ಸ್ ಕಸಿನ್ಸರು ಹೇಳಬೇಕಾಯಿತು. ಗೌರಿಬಿದನೂರಿನ ಬಳಿಯ ಹೊಸೂರಿನ ಎಚ್. ನರಸಿಂಹಯ್ಯನವರು 1935ರಲ್ಲಿ ನ್ಯಾಷನಲ್ ಹೈಸ್ಕೂಲು ಸೇರಲು ಬೆಂಗಳೂರಿಗೆ ನಡೆದೇ ಬಂದವರು. ಮರುವರ್ಷ ಗಾಂಧೀಜಿ ಆ ಶಾಲೆಗೆ ಬಂದಾಗ ಅವರ ಹಿಂದೀ ಭಾಷಣವನ್ನು ಕನ್ನಡದಲ್ಲಿ ಹೇಳಿದವರು ಈ ಹಳ್ಳಿಯ ವಿದ್ಯಾರ್ಥಿಯೇ. ಮುಂದೆ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದಾಗಲೂ, 2005ರಲ್ಲಿ ತೀರಿಕೊಳ್ಳುವವರೆಗೂ, ಅವರ ನಂಟು ಆ ಸಂಸ್ಥೆಯೊಡನೆ ಬಿಡಲಿಲ್ಲ. ಇಂಥವರ ಕಥೆ ಕೇಳಿ ನಾವು ಹೆಮ್ಮೆಪಡುತ್ತೇವೆ. ಆದರೆ ಹೀಗೆ ನಡೆದು ಬರಲಾಗದೆ ಊರಲ್ಲೇ ಉಳಿದ ಹುಡುಗರ ಲೆಕ್ಕವನ್ನು ಯಾರಿಟ್ಟಿದ್ದಾರೆ?

ದೂರವೆಂಬುದು ಮೈಲಿಯಲ್ಲಿ ಮಾತ್ರ ಇರಲಿಲ್ಲ. ಶಾಲೆ ಮನೆಯ ಎದುರಿಗೇ ಇದ್ದರೂ ಅಸ್ಪೃಶ್ಯರೆನಿಸಿದವರ ಮಗುವಿಗೆ ಅದು ಬಹು ದೂರ. ಸಂಸ್ಥಾನದಲ್ಲಿ 1913ರಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡಲು ಕಾನೂನು ಬಂತು. ಆದರೆ ಎಲ್ಲ ಜಾತಿಯ ಮಕ್ಕಳನ್ನೂ ಸರ್ಕಾರಿ ಶಾಲೆಯ ಒಂದೇ ಕೊಠಡಿಯಲ್ಲಿ ಕೂರಿಸಲು ಹೊರಟಾಗ ಪ್ರತಿಷ್ಠಿತರಿಂದ ಬಂದ ವಿರೋಧ ಅಷ್ಟಿಷ್ಟಲ್ಲ. 1918ರಲ್ಲಿ ಮಿಲ್ಲರ್ ಸಮಿತಿ ನೇಮಕವಾಗಬೇಕಾದದ್ದು, ಆ ಹೊತ್ತಿಗೆ ಹಲವು ಸಮುದಾಯಗಳು ತಮ್ಮ ಸಂಘಗಳನ್ನೂ ವಿದ್ಯಾರ್ಥಿನಿಲಯಗಳನ್ನೂ ಕಟ್ಟಿಕೊಳ್ಳುತ್ತಿದ್ದದ್ದು ಇದೇ ಹಿನ್ನೆಲೆಯಲ್ಲಿ. ಹಾಸ್ಟೆಲಿನಲ್ಲಿ ಊಟ ಸಿಕ್ಕಿದರೆ ಹೈಸ್ಕೂಲು, ಇಲ್ಲವಾದರೆ ನೇಗಿಲು. ಆದ್ದರಿಂದ ಹಳೆಯ ಕಾಲದ ಶಾಲೆಯಲ್ಲಿ ಎಲ್ಲರೂ ಒಂದೇ ಬೆಂಚಿನ ಮೇಲೆ ಕುಳಿತಿದ್ದೆವು ಎಂದು ಹಿರಿಯರು ಹೇಳಿದರೆ, ಆ ಬೆಂಚಿನವರೆಗೆ ಬರಲಾದವರು ಯಾರು ಎಂದು ಮರುಪ್ರಶ್ನೆ ಕೇಳುವುದು ಅವಿನಯವಲ್ಲ.

ಸ್ವಾತಂತ್ರ್ಯಾನಂತರ ಆ ಬೆಂಚು ಉದ್ದವಾಗುತ್ತ ಬಂತು. 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿತ್ತು. 1949ರಲ್ಲಿ ನಗರವೂ ದಂಡೂ ಒಂದೇ ಕಾರ್ಪೊರೇಷನ್ನಿಗೆ ಸೇರಿದವು. ಸರ್ಕಾರಿ ಶಾಲೆಗಳೂ ಸರ್ಕಾರದ ಅನುದಾನ ಪಡೆವ ಖಾಸಗಿ ಶಾಲೆಗಳೂ ಹೊಸ ಬಡಾವಣೆಗಳಲ್ಲಿ ತಲೆಯೆತ್ತಿದವು. ಗುಮಾಸ್ತೆಯ ಮಗ, ಡಾಕ್ಟರ ಮಗಳು, ತರಕಾರಿ ಮಾರುವವಳ ಮಗ ಒಂದೇ ತರಗತಿಯಲ್ಲಿ ಓದುವುದು ಅಪರೂಪವೇನೂ ಆಗಿರಲಿಲ್ಲ. ಇದನ್ನೇ ದೇಶದ ನೀತಿಯಾಗಿ ಮಾಡಬೇಕೆಂದು 1964ರಲ್ಲಿ ನೇಮಕವಾಗಿ 1966ರಲ್ಲಿ ವರದಿ ಕೊಟ್ಟ ಕೊಠಾರಿ ಆಯೋಗ ಹೇಳಿತು. ನೆರೆಹೊರೆಯ ಶಾಲೆ ಎಂಬುದು ಅದರ ಸಲಹೆ. ಸುತ್ತಿನ ಎಲ್ಲ ಮಕ್ಕಳೂ, ಬಡವರಾಗಲಿ ಬಲ್ಲಿದರಾಗಲಿ, ಅಲ್ಲಿಗೇ ಹೋಗಬೇಕು. ಇದರಿಂದ ಬಡವರ ಮಕ್ಕಳಿಗೆ ಮಾತ್ರ ಲಾಭ ಎಂದು ಆಯೋಗ ಹೇಳಲಿಲ್ಲ. ತಮ್ಮವರೊಡನೆ ಮಾತ್ರ ಬೆಳೆದ ಸ್ಥಿತಿವಂತರ ಮಕ್ಕಳ ಶಿಕ್ಷಣವೂ ಅರೆಬರೆಯದೇ ಎಂದಿತು. ಸಂಸತ್ತು ಈ ವಿಚಾರವನ್ನು ಗೌರವಿಸಿತು, ಸಮಾಜವೂ ಗೌರವಿಸಿತು. ನಡೆಸಲು ಮಾತ್ರ ಯಾರೂ ಮುಂದೆ ಬರಲಿಲ್ಲ.

ಕಾರಣ ಹಳೆಯದೇ, ಮಾಧ್ಯಮ. ಗೋಕಾಕ್ ವರದಿಯ ಜಾರಿಗಾಗಿ 1982ರಲ್ಲಿ ನಾಡೆಲ್ಲ ಬೀದಿಗಿಳಿಯಿತು. ಒಂದರಿಂದ ನಾಲ್ಕನೆಯ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡದಲ್ಲೇ ಬೋಧನೆ ಎಂದು ಸರ್ಕಾರ 1994ರಲ್ಲಿ ಆಜ್ಞೆ ಹೊರಡಿಸಿತು. ಅನೇಕ ಶಾಲೆಗಳು ಕಾಗದದ ಮೇಲೆ ಕನ್ನಡ, ಕೊಠಡಿಯೊಳಗೆ ಇಂಗ್ಲಿಷು ನಡೆಸಿದವು. ಮೇ 2014ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಮಾಧ್ಯಮದ ಆಯ್ಕೆ ಪೋಷಕರದೆಂದು ತೀರ್ಮಾನಿಸಿತು. 2019ರಲ್ಲಿ ಸರ್ಕಾರವೇ ತನ್ನ ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ವಿಭಾಗ ತೆರೆಯಹೊರಟಿತು. ನಾನು ಕನ್ನಡವನ್ನು ಕಲಿಸಿ ಅನ್ನ ತಿನ್ನುವವನು. ಆದರೂ ಮನೆಗೆಲಸದ ತಾಯಿ ತನ್ನ ಮಗನಿಗೆ ಇಂಗ್ಲಿಷು ಬೇಕೆಂದರೆ ಅವಳನ್ನು ಭಾಷಾದ್ರೋಹಿ ಎನ್ನಲಾರೆ. ಎ.ವಿ. ಸ್ಕೂಲಿನ ಕಾಲದಲ್ಲಿ ನಮ್ಮ ತಾತಂದಿರು ಕಂಡುಕೊಂಡದ್ದನ್ನೇ ಅವಳು ಈಗ ಕಂಡುಕೊಂಡಿದ್ದಾಳೆ. ಇಂಗ್ಲಿಷನ್ನು ಚೆನ್ನಾಗಿ ಕಲಿಸುವುದು ಬೇರೆ, ಎಲ್ಲವನ್ನೂ ಇಂಗ್ಲಿಷಿನಲ್ಲಿ ಕಲಿಸುವುದು ಬೇರೆ ಎಂಬುದನ್ನು ಅವಳಿಗೆ ನಂಬಿಸುವಂಥ ಹತ್ತಿರದ ಶಾಲೆಯನ್ನು ನಾವು ಉಳಿಸಿಕೊಟ್ಟಿದ್ದೇವೆಯೆ?

2009ರ ಶಿಕ್ಷಣ ಹಕ್ಕಿನ ಕಾಯಿದೆ ಹಳೆಯ ಕನಸಿಗೆ ಮತ್ತೆ ಅಳತೆಗೋಲು ತಂದಿತು. ಕೇಂದ್ರದ ನಿಯಮಗಳಂತೆ ಐದನೆಯ ತರಗತಿಯವರೆಗೆ ಒಂದು ಕಿಲೋಮೀಟರು, ಎಂಟರವರೆಗೆ ಮೂರು ಕಿಲೋಮೀಟರು - ಇದು ನೆರೆಹೊರೆ. ಖಾಸಗಿ ಶಾಲೆಗಳಲ್ಲಿ ಶೇಕಡಾ 25 ಸ್ಥಾನ ದುರ್ಬಲ ವರ್ಗದ ಮಕ್ಕಳಿಗೆ. ಇದರಿಂದ ಕೆಲವು ಮಕ್ಕಳಿಗೆ ಒಳಿತಾಯಿತು. ಸರ್ಕಾರಿ ಶಾಲೆಯ ಬೆಂಚು ಇನ್ನಷ್ಟು ಖಾಲಿಯಾಯಿತು ಎಂಬ ದೂರೂ ಬಂತು. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯ ಸ್ಥಾನಗಳಿಲ್ಲ ಎಂದು ನಮ್ಮ ರಾಜ್ಯ ಮುಂದೆ ನಿಯಮ ಬದಲಾಯಿಸಿತು. ಇಲ್ಲಿ ಒಂದು ವಿಚಿತ್ರ: ನೆರೆಹೊರೆಯ ಶಾಲೆಗೆ ಹೋಗಬೇಕೆಂಬ ಕಟ್ಟು ಬಡವರಿಗೆ ಮಾತ್ರ ಬಿತ್ತು. ಕೊಠಾರಿಯವರು ಹೇಳಿದ್ದು ಎಲ್ಲರಿಗೂ.

ನಮ್ಮ ಮನೆಯಲ್ಲಿಯೂ ಈ ವರ್ಷ ಈ ಪ್ರಶ್ನೆ ಇದೆ. ಮಗಳು ಏಳನೆಯ ತರಗತಿ ಮುಗಿಸುತ್ತಿದ್ದಾಳೆ, ಪ್ರೌಢಶಾಲೆ ಹುಡುಕಬೇಕು. ಹತ್ತು ನಿಮಿಷದ ನಡಿಗೆಯ ದೂರದಲ್ಲಿ ಹಳೆಯ ಅನುದಾನಿತ ಶಾಲೆಯೊಂದಿದೆ. ಒಳ್ಳೆಯ ಕಟ್ಟಡ, ದೊಡ್ಡ ಮೈದಾನ, ಶ್ರದ್ಧೆಯ ಮುಖ್ಯೋಪಾಧ್ಯಾಯಿನಿ. ಆದರೆ ನಿವೃತ್ತರಾದವರ ಸ್ಥಾನಗಳು ವರ್ಷಗಟ್ಟಲೆ ತುಂಬುವುದಿಲ್ಲ. ವಿಜ್ಞಾನಕ್ಕೆ ಇರುವವರು ತಾತ್ಕಾಲಿಕ ಉಪಾಧ್ಯಾಯರು. "ನಿಮ್ಮಂಥವರ ಮಕ್ಕಳು ಬಂದರೆ ನಾಲ್ಕು ಜನ ಕೇಳುವವರಾಗುತ್ತಾರೆ ಸಾರ್" ಎಂದರು ಆಕೆ. ನನ್ನ ಹೆಂಡತಿ ಮನೆಗೆ ಬಂದು, "ಕೇಳುವುದು ನಾವು, ಪರೀಕ್ಷೆ ಬರೆಯುವುದು ಅವಳು" ಎಂದಳು. ಇಬ್ಬರ ಮಾತೂ ನಿಜ. ಮಾತುಕತೆ ನಾಲ್ಕು ದಿನ ನಡೆಯಿತು. ಆ ಶಾಲೆಗೇ ಸೇರಿಸುವುದೆಂದೂ, ವಿಜ್ಞಾನದ ಉಪಾಧ್ಯಾಯರ ನೇಮಕಕ್ಕಾಗಿ ಪೋಷಕರೆಲ್ಲ ಸೇರಿ ಇಲಾಖೆಗೆ ಮನವಿ ಕೊಡುವುದೆಂದೂ ನಿಶ್ಚಯವಾಗಿದೆ. ಮೊದಲ ಮನವಿಗೆ ಹನ್ನೊಂದು ಸಹಿಗಳು ಬಿದ್ದಿವೆ.

ಈ ತೀರ್ಮಾನವನ್ನೇ ಎಲ್ಲರೂ ಮಾಡಲೆಂದು ನಾನು ಹೇಳುವುದಿಲ್ಲ. ಒಂದೊಂದು ಮನೆಯ ಅನುಕೂಲ ಒಂದೊಂದು ರೀತಿ. ಆದರೆ ಶಾಲೆಯನ್ನು ಆರಿಸುವಾಗ ಅದರ ಚರಿತ್ರೆಯನ್ನೂ ಸ್ವಲ್ಪ ನೆನೆಯುವುದು ಒಳ್ಳೆಯದು. ನ್ಯಾಷನಲ್ ಹೈಸ್ಕೂಲನ್ನೂ ಆಚಾರ್ಯ ಪಾಠಶಾಲೆಯನ್ನೂ ಮಹಿಳಾ ಸೇವಾ ಸಮಾಜವನ್ನೂ ಕಟ್ಟಿದವರು ಒಳ್ಳೆಯ ಶಾಲೆ ಎಲ್ಲಿದೆಯೆಂದು ಹುಡುಕಿಕೊಂಡು ಹೋದವರಲ್ಲ. ಇದ್ದಲ್ಲಿಯೇ ಒಳ್ಳೆಯ ಶಾಲೆ ಆಗಬೇಕೆಂದು ದುಡಿದವರು. ಅವರ ಕಾಲದ ಬೆಂಚಿನಲ್ಲಿ ಜಾಗ ಸಿಗದವರಿಗೂ ಜಾಗ ಮಾಡಿಕೊಡುವುದು ನಮ್ಮ ಕಾಲದ ಕೆಲಸ. ನಾವೇ ಎದ್ದು ಹೋದರೆ ಬೆಂಚು ಖಾಲಿಯಾದೀತು, ಉದ್ದವಾಗದು.