‘ಸತಿ ಸುಲೋಚನಾ’: ಅಳಿದುಹೋದ ವಾಕ್ಚಿತ್ರವೂ ಕಂಪನಿ ನಾಟಕದ ವಾಣಿಯೂ

1934ನೆಯ ಇಸವಿ ಮಾರ್ಚ್ 3ರಂದು ಬೆಂಗಳೂರಿನ ಸಿಟಿ ಮಾರ್ಕೆಟ್ಟಿನ ಸಮೀಪದ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ತೆರೆಕಂಡ ‘ಸತಿ ಸುಲೋಚನಾ’ ಕನ್ನಡದ ಪ್ರಥಮ ವಾಕ್ಚಿತ್ರವೆಂಬುದು ಸರ್ವವಿದಿತ. ಆದರೆ ಅದರ ಒಂದು ಪ್ರತಿಯೂ ಇಂದು ಲಭ್ಯವಿಲ್ಲದಿರುವುದರಿಂದ ನಮಗೆ ಒದಗಿದ ಹಾನಿ ಯಾವ ಬಗೆಯದೆಂಬ ವಿಚಾರ ನಡೆದಿರುವುದು ಅತ್ಯಲ್ಪ.

ಚಿತ್ರದ ನಿರ್ಮಾಪಕರು ಸೌತ್ ಇಂಡಿಯಾ ಮೂವಿಟೋನ್ ಸಂಸ್ಥೆಯ ಚಮನ್‌ಲಾಲ್ ಡೂಂಗಾಜಿ, ನಿರ್ದೇಶಕರು ವೈ. ವಿ. ರಾವ್. ಮೈಸೂರು ಸೀಮೆಯಲ್ಲಿ ಧ್ವನಿಮುದ್ರಣಕ್ಕೆ ತಕ್ಕ ಸ್ಟುಡಿಯೋ ಇಲ್ಲದಿದ್ದುದರಿಂದ ಚಿತ್ರೀಕರಣ ನಡೆದುದು ದೂರದ ಕೊಲ್ಹಾಪುರದಲ್ಲಿ. ಬಂಡವಾಳವೂ ಯಂತ್ರವೂ ಹೊರಗಿನಿಂದ ಬಂದುವು. ಪ್ರಾಣವಾದರೋ ಕನ್ನಡ ವೃತ್ತಿರಂಗಭೂಮಿಯದು, ಎಂದರೆ ನಾಟಕ ಕಂಪನಿಗಳದು. ಕಥೆ, ಸಂಭಾಷಣೆ, ಗೀತಗಳನ್ನು ರಚಿಸಿದವರು ನಾಟಕಕವಿ ಬೆಳ್ಳಾವೆ ನರಹರಿಶಾಸ್ತ್ರಿಗಳು. ರಾವಣನಾಗಿ ಆರ್. ನಾಗೇಂದ್ರರಾಯರೂ ಇಂದ್ರಜಿತುವಾಗಿ ಎಂ. ವಿ. ಸುಬ್ಬಯ್ಯನಾಯ್ಡು ಅವರೂ ಸುಲೋಚನೆಯಾಗಿ ತ್ರಿಪುರಾಂಬ ಅವರೂ ಅಭಿನಯಿಸಿದರು.

ಧ್ವನಿವರ್ಧಕದ ಹಂಗಿಲ್ಲದೆ ಕಟ್ಟಕಡೆಯ ಪ್ರೇಕ್ಷಕನ ಕಿವಿಯನ್ನು ಮುಟ್ಟಬೇಕಾಗಿದ್ದ ಕಂಪನಿ ನಟನ ಕಂಠಕ್ಕೆ ಒಂದು ವಿಶಿಷ್ಟವಾದ ಶಿಕ್ಷಣವಿತ್ತು. ಆ ಕಂಠವನ್ನು ಮುದ್ರಿಸಿಕೊಳ್ಳುತ್ತಿದ್ದ ಅಂದಿನ ಗ್ರಾಮಫೋನ್ ತಟ್ಟೆಯ ಒಂದು ಮೈಯಲ್ಲಿ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷಗಳ ಧ್ವನಿ ಮಾತ್ರ. ಆದುದರಿಂದ ರಂಗಗೀತೆಗಳು ಅಷ್ಟಿಷ್ಟು ಉಳಿದುವು. ಆದರೆ ಮಾತು ಏರಿ ರಾಗವಾಗಿ, ರಾಗ ಇಳಿದು ಮರಳಿ ಮಾತಾಗುವ ಸಂಧಿಸ್ಥಾನ, ಎದುರಾಳಿಯ ನುಡಿಗೆ ಕಾದು ನಿಲ್ಲುವ ಮೌನ, ರಾವಣನ ಗರ್ಜನೆಯ ಹಿಂದಿನ ಉಸಿರು, ಇವು ಬಹುಮಟ್ಟಿಗೆ ಆ ತಟ್ಟೆಗಳಿಗೆ ದಕ್ಕಲಿಲ್ಲ. ಹಿನ್ನೆಲೆ ಗಾಯನದ ಪದ್ಧತಿ ಇನ್ನೂ ಬಾರದ ಆ ಕಾಲದಲ್ಲಿ ನಟರು ಕ್ಯಾಮರಾದ ಮುಂದೆಯೇ ಹಾಡಬೇಕಾಗಿತ್ತು. ಹೀಗಾಗಿ ನಟನ ದೇಹವನ್ನೂ ಧ್ವನಿಯನ್ನೂ ಬೇರ್ಪಡಿಸದೆ ಹಿಡಿದಿಟ್ಟ ಸಾಕ್ಷ್ಯವೆಂದರೆ ಆರಂಭದ ವಾಕ್ಚಿತ್ರವೇ. ‘ಸತಿ ಸುಲೋಚನಾ’ದ ನಾಶವನ್ನು ಚಿತ್ರರಂಗದ ನಷ್ಟವೆನ್ನುವುದಕ್ಕಿಂತ ರಂಗಭೂಮಿಯ ನಷ್ಟವೆನ್ನುವುದೇ ಉಚಿತವೆಂದು ನಾನು ಭಾವಿಸುತ್ತೇನೆ.

ರಂಗಭೂಮಿಗೂ ವಾಕ್ಚಿತ್ರಕ್ಕೂ ಇದ್ದ ಈ ನಂಟು ಈ ಚಿತ್ರವೊಂದಕ್ಕೇ ಸೀಮಿತವಲ್ಲ. ಗುಬ್ಬಿ ನಾಟಕ ಕಂಪನಿಯ ‘ಸದಾರಮೆ’ 1935ರಲ್ಲಿ, ಚಂದ್ರಕಲಾ ನಾಟಕ ಮಂಡಳಿಯ ‘ಸಂಸಾರ ನೌಕೆ’ 1936ರಲ್ಲಿ ತೆರೆಯನ್ನೇರಿದುವು. ಭಾರತದ ಮೊದಲ ವಾಕ್ಚಿತ್ರ ‘ಆಲಂ ಆರಾ’ (1931) ಕೂಡ ಜೋಸೆಫ್ ಡೇವಿಡ್ ಅವರ ಪಾರಸಿ ನಾಟಕದಿಂದ ಹುಟ್ಟಿದುದು, ಅದೂ ಅಳಿದಿದೆ. ಅಂದಿನ ನೈಟ್ರೇಟ್ ಫಿಲ್ಮು ಬೇಗನೆ ಹೊತ್ತಿಕೊಳ್ಳುವಂಥದು, ಶಾಖಕ್ಕೂ ತೇವಕ್ಕೂ ತಾನಾಗಿಯೇ ಶಿಥಿಲವಾಗುವಂಥದು. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಸ್ಥಾಪಿತವಾದುದೇ 1964ರಲ್ಲಿ. ಅಷ್ಟರೊಳಗೆ ‘ಸತಿ ಸುಲೋಚನಾ’ ತೆರೆಕಂಡು ಮೂವತ್ತು ವರ್ಷಗಳು ಸಂದಿದ್ದುವು.

ಚಿತ್ರ ಹೋದರೂ ಅದರ ಸುತ್ತಣ ಸಾಮಗ್ರಿಯ ಶೋಧನೆಗೆ ಇನ್ನೂ ಅವಕಾಶವುಂಟು. ಚಿತ್ರಮಂದಿರಗಳಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕ, ಕರಪತ್ರ, ಗ್ರಾಮಫೋನ್ ತಟ್ಟೆ, ನಾಟಕದ ಹಸ್ತಪ್ರತಿ, ಇವು ಹಳೆಯ ಮನೆಗಳ ಪೆಟ್ಟಿಗೆಗಳಲ್ಲಿ ಇರಬಹುದು. ಬೆಂಗಳೂರಿನ ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಕಟ್ಟಡಗಳ ನಡುವೆ ಸಿಲುಕಿರುವ ಹಳೆಯ ಊರುಗಳಲ್ಲಿ ಮನೆಗಳನ್ನು ಕೆಡವಿ ಕಟ್ಟುವ ಕೆಲಸ ಭರದಿಂದ ಸಾಗಿರುವ ಈ ಹೊತ್ತಿನಲ್ಲಿ, ಅಲ್ಲಿನ ಹಿರಿಯರು ಇಂಥ ಕಾಗದವನ್ನು ರದ್ದಿಗೆ ಹಾಕದೆ ತೆಗೆದಿರಿಸಬೇಕು. ಅದೇ ಪ್ರದೇಶದಲ್ಲಿ ದುಡಿಯುತ್ತಿರುವ ಯುವ ತಂತ್ರಜ್ಞರು ಅದನ್ನು ಸ್ಕ್ಯಾನ್ ಮಾಡಿ ಸಾರ್ವಜನಿಕ ಗ್ರಂಥಾಲಯಗಳಿಗೆ ತಲಪಿಸಬೇಕೆಂದು ನನ್ನ ವಿನಂತಿ.