ತುಡಿತಕ್ಕೂ ಲೋಟಕ್ಕೂ ನಡುವೆ: ನಡುವಯಸ್ಸಿನ ವ್ಯಸನಮುಕ್ತಿಯಲ್ಲಿ ಧ್ಯಾನ

ಕುಡಿತ ಬಿಡಲು ಧ್ಯಾನ ನೆರವಾಗುತ್ತದೆ ಎಂಬ ಮಾತಿಗೆ ಆಧುನಿಕ ಕಾಲದಲ್ಲಿ ಮೊದಲು ಜಾಗ ಕೊಟ್ಟವರು ಕುಡಿತದಿಂದ ನೊಂದವರೇ. 1935ರಲ್ಲಿ ಅಮೆರಿಕದ ಅಕ್ರನ್ ಊರಿನಲ್ಲಿ ಒಬ್ಬ ಷೇರು ದಲ್ಲಾಳಿ ಮತ್ತು ಒಬ್ಬ ಶಸ್ತ್ರವೈದ್ಯ ಸೇರಿ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟವನ್ನು ಆರಂಭಿಸಿದರು. ಆಗ ಒಬ್ಬರಿಗೆ 39 ವರ್ಷ, ಇನ್ನೊಬ್ಬರಿಗೆ 55. 1939ರಲ್ಲಿ ಅವರ ಕೂಟ ಅಚ್ಚು ಹಾಕಿಸಿದ ಹನ್ನೆರಡು ಹೆಜ್ಜೆಗಳಲ್ಲಿ ಹನ್ನೊಂದನೆಯದು ಪ್ರಾರ್ಥನೆ ಮತ್ತು ಧ್ಯಾನಕ್ಕೆ ಮೀಸಲು. ಹೇಗೆ ಕೂರಬೇಕು, ಎಷ್ಟು ಹೊತ್ತು ಕೂರಬೇಕು ಎಂಬ ಕ್ರಮವನ್ನು ಅವರು ವಿಧಿಸಲಿಲ್ಲ. ಅದನ್ನು ರೂಪಿಸಲು ಮುಂದಿನ ಎಪ್ಪತ್ತು ವರ್ಷ ಬೇಕಾಯಿತು.

ಮೊದಲ ಲೆಕ್ಕಾಚಾರ 1972ರದು. ಅಮೆರಿಕದ ಸಂಶೋಧಕರಾದ ಹರ್ಬರ್ಟ್ ಬೆನ್ಸನ್ ಮತ್ತು ಕೀತ್ ವ್ಯಾಲೇಸ್ ಅವರು ಮಹರ್ಷಿ ಮಹೇಶ ಯೋಗಿಯವರ ಭಾವಾತೀತ ಧ್ಯಾನ ಮಾಡುತ್ತಿದ್ದ 1,862 ಮಂದಿಯನ್ನು ವಿಚಾರಿಸಿದಾಗ, ಮದ್ಯ ಮತ್ತು ಮಾದಕ ವಸ್ತುಗಳ ಬಳಕೆ ಬಹಳ ತಗ್ಗಿದೆ ಎಂಬ ಉತ್ತರ ಬಂತು. ಆದರೆ ಧ್ಯಾನವನ್ನು ಬಿಡದೆ ಮುಂದುವರಿಸಿದವರೇ ಉತ್ತರ ಕೊಟ್ಟವರು. ಹೋಲಿಸಿ ನೋಡಲು ಬೇರೆ ಗುಂಪು ಇರಲಿಲ್ಲ. ಹೀಗಾಗಿ ಆ ಅಂಕಿಗಳು ಆಸೆ ಹುಟ್ಟಿಸಿದವೇ ಹೊರತು ಏನನ್ನೂ ಸಾಬೀತು ಮಾಡಲಿಲ್ಲ. ಭಾರತದಲ್ಲಿ 1981ರಲ್ಲಿ ಮುಂಬೈಯ ಪಾದ್ರಿ ಜೋಸೆಫ್ ಪೆರೇರಾ ಕೃಪಾ ಫೌಂಡೇಶನ್ ಕಟ್ಟಿ, ಹನ್ನೆರಡು ಹೆಜ್ಜೆಗಳ ಜೊತೆಗೆ ತಮ್ಮ ಗುರು ಬಿ.ಕೆ.ಎಸ್. ಅಯ್ಯಂಗಾರರ ಯೋಗವನ್ನು ಸೇರಿಸಿದರು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಅಯ್ಯಂಗಾರರ ವಿದ್ಯೆ ವ್ಯಸನಿಗಳ ಕೈಹಿಡಿದದ್ದು ಹೀಗೆ.

ಕರ್ನಾಟಕದಲ್ಲಿ ಈ ವಿಷಯವನ್ನು ಪ್ರಯೋಗಕ್ಕೆ ಒಡ್ಡಿದ್ದು ಬೆಂಗಳೂರಿನ ನಿಮ್ಹಾನ್ಸ್. ಮದ್ಯವ್ಯಸನಕ್ಕೆ ದಾಖಲಾಗಿದ್ದ 60 ಮಂದಿಗೆ ಮೊದಲು ಒಂದು ವಾರ ಔಷಧಿ ಕೊಟ್ಟು ದೇಹದ ನಶೆ ಇಳಿಸಲಾಯಿತು. ಬಳಿಕ ಅರ್ಧದಷ್ಟು ಮಂದಿಗೆ ಎರಡು ವಾರ ಸುದರ್ಶನ ಕ್ರಿಯೆ ಕಲಿಸಲಾಯಿತು: ನಿಧಾನದ ಉಜ್ಜಾಯಿ ಉಸಿರು, ಭಸ್ತ್ರಿಕಾ, ಲಯಬದ್ಧ ಉಸಿರಾಟ, ಕೊನೆಗೆ ಅಂಗಾತ ಮಲಗಿ ವಿಶ್ರಾಂತಿ. 2006ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಖಿನ್ನತೆಯೂ ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಮಟ್ಟವೂ ಎರಡೂ ಗುಂಪಿನಲ್ಲಿ ಇಳಿದವು, ಕ್ರಿಯೆ ಮಾಡಿದವರಲ್ಲಿ ಹೆಚ್ಚು ಇಳಿದವು. ಕುಡಿತ ಬಿಟ್ಟ ಮೊದಲ ವಾರಗಳಲ್ಲಿ ಮನಸ್ಸು ಕುಸಿಯುತ್ತದೆ, ಆ ಕುಸಿತದಲ್ಲೇ ಎಷ್ಟೋ ಜನ ಮತ್ತೆ ಬಾಟಲಿ ಹಿಡಿಯುತ್ತಾರೆ. ಆದ್ದರಿಂದ ಇದು ಸಣ್ಣ ಲಾಭವಲ್ಲ. ವರ್ಷದ ನಂತರ ಎಷ್ಟು ಮಂದಿ ಕುಡಿಯದೆ ಉಳಿದರು ಎಂಬುದನ್ನು ಎರಡು ವಾರದ ಪ್ರಯೋಗ ಹೇಳಲಾರದು.

ಈ ಪ್ರಯೋಗದಲ್ಲಿ ಅತ್ಯಂತ ಮುಖ್ಯವಾದದ್ದು ಅದರ ಕ್ರಮ: ಮೊದಲು ಔಷಧಿ, ಆಮೇಲೆ ಉಸಿರು. ಇಪ್ಪತ್ತು ವರ್ಷ ದಿನವೂ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಕೈನಡುಕ, ಬೆವರು, ನಿದ್ದೆಗೇಡು ಶುರುವಾಗುತ್ತವೆ. ಕೆಲವರಿಗೆ ಒಂದೆರಡು ದಿನದಲ್ಲಿ ಫಿಟ್ಸ್, ಅದರ ಹಿಂದೆಯೇ ಭ್ರಮೆ. ಇದು ಜೀವಕ್ಕೇ ಅಪಾಯ. ಆ ದಿನಗಳಲ್ಲಿ ಕಣ್ಣುಮುಚ್ಚಿ ಕೂರುವುದು ಚಿಕಿತ್ಸೆಯಾಗದು. ನಡುವಯಸ್ಸಿನವರಿಗೆ ಈ ಎಚ್ಚರ ಇನ್ನೂ ಹೆಚ್ಚು ಬೇಕು. ವಯಸ್ಸಾದಂತೆ ದೇಹದ ನೀರಿನಂಶ ತಗ್ಗುವುದರಿಂದ ಅದೇ ಎರಡು ಪೆಗ್ಗು ಹೆಚ್ಚು ಏರುತ್ತದೆ, ಬಿ.ಪಿ., ಶುಗರ್ ಮಾತ್ರೆಗಳೂ ಜೊತೆಗಿರುತ್ತವೆ.

ಆಸ್ಪತ್ರೆಯ ಹೊರಗೆ ಬೆಳೆದದ್ದು ಧರ್ಮಸ್ಥಳದ ದಾರಿ. ಡಿ. ವೀರೇಂದ್ರ ಹೆಗ್ಗಡೆಯವರ ಮಾರ್ಗದರ್ಶನದಲ್ಲಿ ಜನಜಾಗೃತಿ ವೇದಿಕೆ ಊರೂರಿನ ಸಭಾಭವನಗಳಲ್ಲಿ ಎಂಟು ದಿನದ ಮದ್ಯವರ್ಜನ ಶಿಬಿರ ನಡೆಸುತ್ತ ಬಂದಿದೆ. ಅಲ್ಲಿ ಆರೋಗ್ಯ ತಪಾಸಣೆ, ಯೋಗ, ಭಜನೆ, ಆಪ್ತಸಲಹೆ ಎಲ್ಲವೂ ಇರುತ್ತವೆ, ಮನೆಯವರನ್ನೂ ಕರೆಸುತ್ತಾರೆ. ಶಿಬಿರ ಮುಗಿಸಿದವರು ನವಜೀವನ ಸಮಿತಿಗಳಲ್ಲಿ ಮತ್ತೆ ಮತ್ತೆ ಸೇರುತ್ತಾರೆ. ಇದನ್ನು ಧ್ಯಾನದ ಚರಿತ್ರೆಯಲ್ಲಿ ಸೇರಿಸಬಹುದೇ ಎಂದು ಕೆಲವರು ಕೇಳಬಹುದು, ಸೇರಿಸಲೇಬೇಕು. ಮೌನವಾಗಿ ಕೂತು ಅಭ್ಯಾಸವಿಲ್ಲದ ರೈತನಿಗೆ, ಮೇಸ್ತ್ರಿಗೆ ಮನಸ್ಸನ್ನು ಒಂದೆಡೆ ನಿಲ್ಲಿಸಲು ಭಜನೆಯ ತಾಳದ ಪೆಟ್ಟಿಗಿಂತ ಹತ್ತಿರದ ಸಾಧನ ಇನ್ನೊಂದಿಲ್ಲ.

ಇತ್ತ ಅಮೆರಿಕದ ಸಿಯಾಟಲ್‌ನಲ್ಲಿ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಟ್ ಬೇರೊಂದು ಪ್ರಶ್ನೆ ಹಿಡಿದಿದ್ದರು: ಬಿಟ್ಟವರು ಮತ್ತೆ ಯಾಕೆ ಕುಡಿಯುತ್ತಾರೆ? ತುಡಿತ ಅಲೆಯ ಹಾಗೆ ಏಳುತ್ತದೆ, ತುದಿ ಮುಟ್ಟುತ್ತದೆ, ತಾನಾಗಿ ಇಳಿಯುತ್ತದೆ ಎಂಬುದು ಅವರ ವಿವರಣೆ. ಕರಾವಳಿಯವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ದೋಣಿಯವನು ಅಲೆಯ ಜೊತೆ ಜಗಳಕ್ಕೆ ನಿಲ್ಲುವುದಿಲ್ಲ, ಅದರ ಮೇಲೆ ಏರಿ ಇಳಿಯುತ್ತಾನೆ. ಅಭ್ಯಾಸವೂ ಹಾಗೆಯೇ. ಕುಡಿಯಬೇಕೆನಿಸಿದಾಗ ಅದು ದೇಹದಲ್ಲಿ ಎಲ್ಲಿದೆ ಎಂದು ನೋಡುವುದು: ಗಂಟಲಿನ ಒಣಗು, ಎದೆಯ ಬಿಗಿ, ಬೆರಳುಗಳ ಚಡಪಡಿಕೆ. ಅದರ ಜೊತೆ ಉಸಿರನ್ನು ಗಮನಿಸುತ್ತ ಕೆಲವು ನಿಮಿಷ ಇರುವುದು. ಮಾರ್ಲಟ್ ಮತ್ತು ಸಾರಾ ಬೋವೆನ್ ಇದನ್ನು ಎಂಟು ವಾರದ ಪಾಠವಾಗಿ ಹೊಂದಿಸಿದರು. ಮೊದಲ ಹಂತದ ಚಿಕಿತ್ಸೆ ಮುಗಿಸಿದ 286 ಮಂದಿಯ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ವರ್ಷದ ಕೊನೆಗೆ ಧ್ಯಾನದ ಗುಂಪಿನವರು ಉಳಿದ ಗುಂಪುಗಳವರಿಗಿಂತ ಕಡಿಮೆ ದಿನ ಮಾದಕ ವಸ್ತು ಬಳಸಿದ್ದರು, ಮಿತಿಮೀರಿ ಕುಡಿದದ್ದೂ ಕಡಿಮೆ. ಆದರೆ 2021ರಲ್ಲಿ 40 ಪ್ರಯೋಗಗಳನ್ನು ಒಟ್ಟಿಗೆ ತೂಗಿದ ಕೊಕ್ರೇನ್ ಸಮೀಕ್ಷೆಗೆ ಗಟ್ಟಿ ತೀರ್ಮಾನ ಸಿಗಲಿಲ್ಲ. ಧ್ಯಾನವೊಂದೇ ಸಾಕು ಎನ್ನುವವರು ಈ ಎರಡನ್ನೂ ಜೊತೆಗಿಟ್ಟು ಓದಬೇಕು.

ದುಬೈಯ ಕರಾಮದಲ್ಲಿ ಈ ಎಲ್ಲ ದಾರಿಗಳೂ ಒಂದು ಇಕ್ಕಟ್ಟಿನ ಕೋಣೆಯೊಳಗೆ ಬಂದು ಸೇರುತ್ತವೆ. ಹಳೆಯ, ಎತ್ತರವಿಲ್ಲದ ಕಟ್ಟಡಗಳ ಬೆಡ್‌ಸ್ಪೇಸ್‌ಗಳಲ್ಲಿ, ಅಂದರೆ ಒಂದೊಂದು ಮಂಚವನ್ನೇ ಬಾಡಿಗೆಗೆ ಕೊಡುವ ಕೋಣೆಗಳಲ್ಲಿ, ಮಂಚದ ಮೇಲೆ ಮಂಚ. ಕೆಳಗೆ ಉಡುಪಿ ಹೋಟೆಲು, ಪಕ್ಕದಲ್ಲಿ ಜಬೀಲ್ ಪಾರ್ಕು. ಇಪ್ಪತ್ತರ ಹರೆಯದಲ್ಲಿ ಊರಿನಿಂದ ಕೆಲಸಕ್ಕೆ ಬಂದವರು ಇಲ್ಲೇ ಐವತ್ತು ಮುಟ್ಟುತ್ತಾರೆ, ಹೆಂಡತಿ ಮಕ್ಕಳು ಊರಿನಲ್ಲಿ. ಡ್ಯೂಟಿ ಮುಗಿದು ಊಟದವರೆಗಿನ ಹೊತ್ತು ಖಾಲಿ, ಆ ಖಾಲಿಯೇ ಬಾಟಲಿಯ ಹೊತ್ತು. 2022ರಲ್ಲಿ ವಾರದ ರಜೆ ಶನಿವಾರ-ಭಾನುವಾರಕ್ಕೆ ಸರಿದ ಮೇಲೆ ಅನೇಕರ ಗುರುವಾರ ರಾತ್ರಿಯ ಕೂಟ ಶುಕ್ರವಾರಕ್ಕೆ ಬಂತು. ಕಾನೂನೂ ಬದಲಾಗಿದೆ. 2020ರಲ್ಲಿ ಲೈಸನ್ಸಿಲ್ಲದೆ ಕುಡಿಯುವುದಕ್ಕಿದ್ದ ಶಿಕ್ಷೆ ಹೋಯಿತು. 2021ರ ಮಾದಕವಸ್ತು ಕಾನೂನು, ತಾವಾಗಿ ಚಿಕಿತ್ಸೆಗೆ ಬಂದವರನ್ನು ಮೊಕದ್ದಮೆಯಿಂದ ಕಾಯುತ್ತದೆ. ಅಬುಧಾಬಿಯಲ್ಲಿ 2002ರಿಂದ ರಾಷ್ಟ್ರೀಯ ಪುನರ್ವಸತಿ ಕೇಂದ್ರವಿದೆ, ದುಬೈಯಲ್ಲಿ ಇರಾದಾ ಕೇಂದ್ರವಿದೆ. ಹಾಗಿದ್ದರೂ ಕೆಲಸ ಹೋದೀತು, ವೀಸಾ ಹೋದೀತು ಎಂಬ ಭಯಕ್ಕೆ ಹಲವರು ಬಾಯಿಬಿಡುವುದಿಲ್ಲ. ಊರಿಗೆ ಹೋದಾಗ ನೋಡಿಕೊಂಡರಾಯಿತು ಎನ್ನುತ್ತಾರೆ.

ಆ ಮಾತನ್ನು ನೆಪವಾಗಿ ಬಿಡದೆ ಯೋಜನೆಯಾಗಿ ಮಾಡಬಹುದು. ಇಲ್ಲಿನ ಕಾರ್ಮಿಕ ಕಾನೂನು ಒಂದು ವರ್ಷ ಪೂರೈಸಿದವರಿಗೆ 30 ದಿನದ ರಜೆ ಕೊಡುತ್ತದೆ. ನಿಮ್ಹಾನ್ಸ್ ಪ್ರಯೋಗದ ಮೂರು ವಾರಗಳೂ ಎಂಟು ದಿನದ ಶಿಬಿರವೂ ಅದರೊಳಗೆ ಹಿಡಿಸುತ್ತವೆ. ಮರಳುವಾಗ ಡಯಾಜೆಪಾಮ್‌ನಂಥ ನಿಯಂತ್ರಿತ ಮಾತ್ರೆ ಚೀಟಿಯಲ್ಲಿದ್ದರೆ ಎಮಿರೇಟ್ಸ್ ಸರ್ಕಾರದ ಅನುಮತಿ ಮೊದಲೇ ಪಡೆಯಬೇಕು, ಇಲ್ಲದಿದ್ದರೆ ಏರ್‌ಪೋರ್ಟಿನಲ್ಲೇ ಕಷ್ಟ. ಕರಾಮಕ್ಕೆ ಬಂದ ಮೇಲೆ ಅಭ್ಯಾಸಕ್ಕೆ ಮುಂಜಾನೆಗಿಂತ ಸಂಜೆಯೇ ಸೂಕ್ತ: ಡ್ಯೂಟಿ ಬಟ್ಟೆ ಕಳಚಿ ಸ್ನಾನ ಮಾಡಿ, ಊಟಕ್ಕೆ ಮುಂಚೆ, ಹಿಂದೆ ಬಾಟಲಿ ತೆರೆಯುತ್ತಿದ್ದ ಅದೇ ಹೊತ್ತಿಗೆ ಮಂಚದ ಅಂಚಿನಲ್ಲಿ ಇಪ್ಪತ್ತು ನಿಮಿಷ. ಶುಕ್ರವಾರ ಮಾತ್ರ ಕೋಣೆಯಲ್ಲಿ ಒಬ್ಬರೇ ಕೂರದೆ, ಬಿಟ್ಟವರು ಇನ್ನಿಬ್ಬರಾದರೂ ಸಿಗುವ ಕಡೆ ಹೋಗಿ ಕೂರಬೇಕು.