ಮಂಡಿ ಮತ್ತು ನೀರು: ದುರ್ಗದ ಸೀಮೆಯಲ್ಲಿ ಕೀಲುನೋವಿನ ಸಂಶೋಧನೆ ನಡೆದುಬಂದ ದಾರಿ

1957ರಲ್ಲಿ ಮ್ಯಾಂಚೆಸ್ಟರಿನ ಇಬ್ಬರು ವೈದ್ಯರು, ಜೆ. ಎಚ್. ಕೆಲ್‌ಗ್ರೆನ್ ಮತ್ತು ಜೆ. ಎಸ್. ಲಾರೆನ್ಸ್, ಎಕ್ಸ್‌ರೇ ನೋಡಿ ಕೀಲುಸವೆತವನ್ನು ಸೊನ್ನೆಯಿಂದ ನಾಲ್ಕರವರೆಗೆ ಅಳೆಯುವ ಕ್ರಮವೊಂದನ್ನು ಪ್ರಕಟಿಸಿದರು. ಮೂಳೆಯ ಅಂಚಿನಲ್ಲಿ ಮೊಳೆತ ಮುಳ್ಳು, ಎರಡು ಮೂಳೆಗಳ ನಡುವೆ ಕಿರಿದಾದ ಸಂದು, ಮೃದ್ವಸ್ಥಿಯ ಕೆಳಗೆ ಬೆಳ್ಳಗೆ ಗಟ್ಟಿಯಾದ ಮೂಳೆ ಇವೇ ಅದರ ಗುರುತುಗಳು. ಅರವತ್ತು ವರ್ಷ ದಾಟಿದರೂ ಆ ಕ್ರಮ ಬಳಕೆಯಿಂದ ಹೋಗಿಲ್ಲ. ಚಿತ್ರದುರ್ಗದಲ್ಲಾಗಲಿ ಹಿರಿಯೂರಿನಲ್ಲಾಗಲಿ ಮಂಡಿ ಹಿಡಿದುಕೊಂಡು ಬಂದವರ ಚೀಟಿಯ ಮೇಲೆ ‘ಗ್ರೇಡ್ ಮೂರು’ ಎಂದು ಬಿದ್ದರೆ ಅದು ಮ್ಯಾಂಚೆಸ್ಟರಿನ ಅಳತೆ. ಮೂಳೆಗೆ ಮುಳ್ಳು ಬಂದಿದ್ದರೆ ಅದು ಕೀಲು ಸವೆದದ್ದರಿಂದಲೇ ಬಂದಿದೆ ಎಂಬ ಊಹೆ ಆ ಅಳತೆಯ ಒಳಗೇ ಸೇರಿಕೊಂಡಿದೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳಲ್ಲಿ ಆ ಊಹೆಯನ್ನು ಪರೀಕ್ಷಿಸದೆ ಒಪ್ಪುವಂತಿಲ್ಲ. ಮೂಳೆಗೆ ಮುಳ್ಳು ಬರಿಸುವ ಇನ್ನೊಂದು ವಸ್ತು, ಫ್ಲೋರೈಡ್, ಇಲ್ಲಿನ ಎಷ್ಟೋ ಕೊಳವೆಬಾವಿಗಳ ನೀರಿನಲ್ಲೇ ಇದೆ. ಮಂಡಿಯನ್ನು ಓದಿದವರು, ನೀರನ್ನು ಓದಿದವರು ಬೇರೆ ಬೇರೆ ದಾರಿಯಲ್ಲಿ ನಡೆದುಬಂದ ಚರಿತ್ರೆ ಇದು.

ಈ ಸೀಮೆಯ ಮಾತಿನಲ್ಲಿ ಕೀಲುನೋವೆಲ್ಲ ‘ವಾಯು’. ಲಕ್ಕಿ ಸೊಪ್ಪಿನ ಶಾಖ, ಎಕ್ಕದ ಎಲೆಗೆ ಹರಳೆಣ್ಣೆ ಸವರಿ ಕಟ್ಟುವುದು ಮನೆಮದ್ದು. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ವಾತವ್ಯಾಧಿಯ ಅಧ್ಯಾಯ ಸಂಧಿಗತ ವಾತವನ್ನು ಪ್ರತ್ಯೇಕವಾಗಿ ಹೇಳುತ್ತದೆ. ಊದಿಕೊಂಡ ಕೀಲನ್ನು ಮುಟ್ಟಿದರೆ ಗಾಳಿ ತುಂಬಿದ ತೊಗಲಚೀಲದಂತಿರುತ್ತದೆ, ಮಡಚಿ ಚಾಚುವಾಗ ನೋಯುತ್ತದೆ ಎಂಬ ಅಲ್ಲಿನ ವರ್ಣನೆ ಕೈಯಿಂದ ಮುಟ್ಟಿ ನೋಡಿದವರದೇ. ಆದರೆ ಒಂದೇ ಹೆಸರಿನಡಿ ನಾಲ್ಕಾರು ರೋಗಗಳು ಕೂತಿವೆ ಎಂದು ಬಿಡಿಸಿ ತೋರಿಸಲು ಇಪ್ಪತ್ತನೆಯ ಶತಮಾನವೇ ಬೇಕಾಯಿತು. ಆ ಬಿಡಿಸುವ ಕೆಲಸದ ಒಂದು ಪಾಲು ನಡೆದದ್ದು ನಮ್ಮ ಸುತ್ತಿನಲ್ಲೇ, ದಕ್ಷಿಣದ ಗಟ್ಟಿಕಲ್ಲಿನ ನೆಲದಲ್ಲಿ.

ಬಾವಿ ಆಳವಾದ ಕಥೆ

ಹಿರಿಯೂರಿನ ಸುತ್ತ ವರ್ಷಕ್ಕೆ ಬೀಳುವ ಮಳೆ ಐನೂರರಿಂದ ಆರುನೂರು ಮಿಲಿಮೀಟರಿನ ಆಜುಬಾಜು. ಪಶ್ಚಿಮಕ್ಕೆ ಹೊಳಲ್ಕೆರೆಯ ಕಡೆ ತುಸು ಹೆಚ್ಚು. ಜನ ಕುಡಿದದ್ದು ಕೆರೆ, ಹಳ್ಳ, ತೋಡುಬಾವಿಗಳ ನೀರು. ವೇದಾವತಿಗೆ ಮಾರಿಕಣಿವೆಯಲ್ಲಿ 1898ರಲ್ಲಿ ಶುರುವಾಗಿ 1907ರ ಹೊತ್ತಿಗೆ ಮುಗಿದ ಅಣೆಕಟ್ಟು, ಅಂದರೆ ವಾಣಿವಿಲಾಸ ಸಾಗರ, ಗದ್ದೆಗೆ ನೀರು ಕೊಟ್ಟಿತು, ಜೊತೆಗೆ ಸೊಳ್ಳೆಯನ್ನೂ ಕೊಟ್ಟಿತು. ಮೈಸೂರು ಸರ್ಕಾರ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ 1920ರ ದಶಕದ ಕೊನೆಗೆ ಮಲೇರಿಯಾ ಅಧ್ಯಯನಕ್ಕೆ ತೆರೆದ ಕೇಂದ್ರಗಳಲ್ಲಿ ಹಿರಿಯೂರೂ ಒಂದು. ನೀರಿಗೂ ರೋಗಕ್ಕೂ ಇರುವ ನಂಟನ್ನು ಈ ಊರಿನಲ್ಲಿ ವಿಜ್ಞಾನ ಮೊದಲು ಹುಡುಕಿದ್ದು ಹೀಗೆ, ಜ್ವರದ ಮೂಲಕ. ಮೂಳೆಯ ಸರದಿ ಬಹಳ ತಡವಾಗಿ ಬಂತು.

1960ರ ದಶಕದ ಕೊನೆಗೆ ಯುನಿಸೆಫ್ ಭಾರತಕ್ಕೆ ಗಟ್ಟಿಬಂಡೆ ಕೊರೆಯುವ ಯಂತ್ರಗಳನ್ನು ತಂದಿತು. 1970ರ ದಶಕದ ಬರಗಳು ಕೊರೆತದ ವೇಗ ಹೆಚ್ಚಿಸಿದವು, ಆ ದಶಕದ ಉತ್ತರಾರ್ಧದಲ್ಲಿ ಇಂಡಿಯಾ ಮಾರ್ಕ್-2 ಕೈಪಂಪು ಬಂತು. ಮೆಟ್ಟಿಲುಬಾವಿಯ ನಾರುಹುಣ್ಣು, ಕೆರೆಯ ಕಾಲರಾ ಹಿಂದೆ ಸರಿದದ್ದರಲ್ಲಿ ಈ ಪಂಪಿನ ಪಾಲು ದೊಡ್ಡದು. 2000ದಲ್ಲಿ ಭಾರತ ನಾರುಹುಣ್ಣಿನಿಂದ ಮುಕ್ತವಾಯಿತು. ಇದನ್ನು ಮರೆತು ಕೊಳವೆಬಾವಿಯನ್ನು ಬೈಯುವುದು ಅನ್ಯಾಯ. ಆದರೆ ಕ್ರಿಮಿಯಿಲ್ಲದ ಆ ತಿಳಿನೀರು ಬಂಡೆಯ ಸಂದುಗಳಲ್ಲಿ ವರ್ಷಗಟ್ಟಲೆ ನಿಂತ ನೀರು. ಗ್ರಾನೈಟ್ ಮತ್ತು ನೈಸ್ ಶಿಲೆಗಳಲ್ಲಿ ಫ್ಲೋರೈಟ್, ಅಪಟೈಟ್, ಬಯೋಟೈಟ್ ಖನಿಜಗಳಿವೆ. ನೀರು ಕ್ಷಾರವಾಗಿದ್ದು ಸೋಡಿಯಂ ಹೆಚ್ಚಿದ್ದು ಕ್ಯಾಲ್ಸಿಯಂ ಕಡಿಮೆಯಿದ್ದರೆ ಅವುಗಳೊಳಗಿನ ಫ್ಲೋರೈಡ್ ಕರಗಿ ಹೊರಬರುತ್ತದೆ. ಮಳೆ ಕಡಿಮೆ, ಬಿಸಿಲು ಹೆಚ್ಚು, ಬಾವಿ ಆಳ: ಮೂರೂ ಸೇರಿದಲ್ಲಿ ಪ್ರಮಾಣ ಏರುತ್ತದೆ. ಜಿಲ್ಲೆಯ ನಡುವೆ ಹಾದುಹೋಗುವ ಚಿತ್ರದುರ್ಗ ಶಿಸ್ಟ್ ಪಟ್ಟಿಯ ಶಿಲೆ ಬೇರೆ, ಅದರ ಇಕ್ಕೆಲದ ಗ್ರಾನೈಟಿನ ಗುಣ ಬೇರೆ. ಆದ್ದರಿಂದ ಒಂದು ಹಳ್ಳಿಯ ನೀರು ನೆಟ್ಟಗಿದ್ದು ಪಕ್ಕದ ಹಟ್ಟಿಯದು ಕೆಟ್ಟಿರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಭಾರತೀಯ ಮಾನಕ 1 ಮಿಲಿಗ್ರಾಮನ್ನು ಒಪ್ಪುತ್ತದೆ, ಬೇರೆ ಮೂಲವಿಲ್ಲದಿದ್ದರೆ ಮಾತ್ರ 1.5ರವರೆಗೆ ಬಿಡುತ್ತದೆ. ಚಿತ್ರದುರ್ಗವು ರಾಜ್ಯದ ಫ್ಲೋರೈಡ್ ಪೀಡಿತ ಜಿಲ್ಲೆಗಳಲ್ಲಿ ಒಂದು.

ನೆಲ್ಲೂರಿನಿಂದ ಹಂದಿಗೋಡಿಗೆ

ಫ್ಲೋರೈಡಿನ ಚರಿತ್ರೆ ಹಲ್ಲಿನಿಂದ ಶುರುವಾಗುತ್ತದೆ. ಅಮೆರಿಕದ ಕೊಲೊರಾಡೊದಲ್ಲಿ ಫ್ರೆಡರಿಕ್ ಮೆಕೇ ಎಂಬ ದಂತವೈದ್ಯ 1901ರಿಂದ ಬೆನ್ನುಹತ್ತಿದ ಕಂದುಕಲೆಗೆ 1931ರಲ್ಲಿ ಕಾರಣ ಸಿಕ್ಕಿತು: ಕುಡಿಯುವ ನೀರಿನ ಫ್ಲೋರೈಡ್. ಮರುವರ್ಷ ಕೋಪನ್‌ಹೇಗನ್ನಿನ ಕ್ರಯೋಲೈಟ್ ಕಾರ್ಖಾನೆಯ ಕಾರ್ಮಿಕರ ಮೂಳೆಗಳು ಎಕ್ಸ್‌ರೇಯಲ್ಲಿ ಅತಿ ಬೆಳ್ಳಗೆ, ದಪ್ಪಗೆ ಕಂಡವು. 1937ರಲ್ಲಿ ಡೆನ್ಮಾರ್ಕಿನ ಕಾಯ್ ರೋಹೋಲ್ಮ್ ಆ ವಿಷಬಾಧೆಯ ಮೇಲೆ ದೊಡ್ಡ ಗ್ರಂಥ ಹೊರತಂದರು. ಅದೇ ವರ್ಷ ಎಚ್. ಇ. ಶಾರ್ಟ್ ಮತ್ತು ಸಂಗಡಿಗರು ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯ ಹಳ್ಳಿಗರಲ್ಲಿ ಇದೇ ಬಗೆಯ ಮೂಳೆಗಳನ್ನು ವರದಿ ಮಾಡಿದರು. ಕೋಪನ್‌ಹೇಗನ್ನಿನವರು ದೂಳು ಉಸಿರಾಡಿದ ಕೂಲಿಗಳು. ನೆಲ್ಲೂರಿನವರು ಬಾವಿಯ ನೀರು ಕುಡಿದ ರೈತರು. ಬೆನ್ನು ಬಗ್ಗದು, ಕತ್ತು ತಿರುಗದು, ಮಂಡಿ ಪೂರ್ತಿ ಚಾಚದು. ಕೈಕಾಲಿಗೆ ಜೋಮು. ಭಾರತದಲ್ಲಿ ಮೂಳೆಯ ಫ್ಲೋರೋಸಿಸ್ ಶಾಸ್ತ್ರೀಯವಾಗಿ ದಾಖಲಾದದ್ದು ಇಲ್ಲಿಂದ.

ಇಂಥ ಮೂಳೆಯೊಳಗೆ ನಡೆಯುವುದು ರಸಾಯನಶಾಸ್ತ್ರದ ಸಣ್ಣ ಬದಲಾವಣೆ. ಮೂಳೆಯ ಖನಿಜದಲ್ಲಿರುವ ಹೈಡ್ರಾಕ್ಸಿಲ್‌ನ ಜಾಗಕ್ಕೆ ಫ್ಲೋರೈಡ್ ಬಂದು ಕೂರುತ್ತದೆ. ಮೂಳೆ ಕಟ್ಟುವ ಕೋಶಗಳು ಚುರುಕಾಗುತ್ತವೆ, ಆದರೆ ಕಟ್ಟಿದ ಮೂಳೆ ದಪ್ಪವಿದ್ದರೂ ಪೆಡಸು. ಅಸ್ಥಿರಜ್ಜುಗಳು ಮೂಳೆಗೆ ಅಂಟುವ ಜಾಗದಲ್ಲಿ ಸುಣ್ಣ ಕಟ್ಟುತ್ತದೆ, ಅಂಚುಗಳಲ್ಲಿ ಮುಳ್ಳು ಏಳುತ್ತದೆ. ಮೊದಲ ಹಂತದಲ್ಲಿ ರೋಗಿ ಹೇಳುವುದು ಬರೀ ಕೀಲುನೋವು, ಬೆಳಗಿನ ಬಿಗಿತ. ಅರವತ್ತರ ಹೆಂಗಸು ಈ ಮಾತು ಹೇಳಿದರೆ ಯಾವ ವೈದ್ಯರೂ ವಯಸ್ಸಿನ ಸವೆತವೆಂದೇ ಎಣಿಸುತ್ತಾರೆ. ಎಣಿಸಿದ್ದು ಬಹುಪಾಲು ಸರಿಯೂ ಆಗಿರುತ್ತದೆ. ತೊಡಕು ಇರುವುದೇ ಅಲ್ಲಿ.

1973ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ ಕೃಷ್ಣಮಾಚಾರಿ ಮತ್ತು ಕೃಷ್ಣಸ್ವಾಮಿ ಫ್ಲೋರೈಡ್ ನೀರಿನ ಪ್ರದೇಶದ ಎಳೆಯರಲ್ಲಿ ಮಂಡಿಗಳು ಒಂದಕ್ಕೊಂದು ತಾಗುವಂತೆ ಕಾಲು ಸೊಟ್ಟಗಾಗುವುದನ್ನು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವರ್ಣಿಸಿದರು. ನೆಲ್ಲೂರಿನ ಹಳೆಯ ರೂಪಕ್ಕಿಂತ ಇದು ಭಿನ್ನ. ಕ್ಯಾಲ್ಸಿಯಂ ಕೊರತೆ ಜೊತೆಗೂಡಿದಾಗ ಬರುವ ರೂಪ. 1977ರಲ್ಲಿ ಅದೇ ಸಂಸ್ಥೆಯ ಲಕ್ಷ್ಮಯ್ಯ ಮತ್ತು ಶ್ರೀಕಂಠಯ್ಯ, ಅನ್ನ ಉಣ್ಣುವವರಿಗಿಂತ ಜೋಳ ಉಣ್ಣುವವರ ಮೈಯಲ್ಲಿ ಫ್ಲೋರೈಡ್ ಹೆಚ್ಚು ಉಳಿಯುತ್ತದೆ ಎಂದು ತೋರಿಸಿದರು. 2002ರ ಇನ್ನೊಂದು ಅಧ್ಯಯನದಲ್ಲಿ ಶಾಲಾಬಾಲಕರಿಗೆ ದಿನಕ್ಕೆ 10 ಗ್ರಾಂ ಹುಣಿಸೆ ಕೊಟ್ಟಾಗ ಮೂತ್ರದಲ್ಲಿ ಹೊರಹೋಗುವ ಫ್ಲೋರೈಡ್ ಏರಿತು. ಇವೆಲ್ಲ ತೆಲಂಗಾಣ–ಆಂಧ್ರದ ಕೆಲಸ. ದುರ್ಗದ ಊಟಕ್ಕೆ ಇದರ ಅರ್ಥವೇನು? ಇಲ್ಲಿ ಮುದ್ದೆ ಇದೆ, ನೂರು ಗ್ರಾಂ ರಾಗಿಯಲ್ಲಿ ಮುನ್ನೂರೈವತ್ತು ಮಿಲಿಗ್ರಾಮಿನಷ್ಟು ಕ್ಯಾಲ್ಸಿಯಂ ಇದೆ. ಸಾರಿಗೆ ಹುಣಿಸೆಯೂ ಇದೆ. ಹಾಗೆಂದು ರಾಗಿ–ಹುಣಿಸೆ ಔಷಧವೆಂದು ಸಾರುವುದು ಅವಸರದ ಮಾತು. ಆದರೆ ಒಂದೇ ಪ್ರಮಾಣದ ಫ್ಲೋರೈಡ್ ಒಂದು ಊರನ್ನು ಬಗ್ಗಿಸಿ ಇನ್ನೊಂದನ್ನು ಬಿಡುವುದೇಕೆ ಎಂಬ ಪ್ರಶ್ನೆಗೆ ಉತ್ತರದ ಒಂದು ಪಾಲು ತಟ್ಟೆಯಲ್ಲಿದೆ ಎಂಬುದಂತೂ ಈ ಅಧ್ಯಯನಗಳಿಂದ ಸ್ಪಷ್ಟ.

ಈ ನಡುವೆ ಪಕ್ಕದ ಶಿವಮೊಗ್ಗ ಜಿಲ್ಲೆಯಿಂದ ಬೇರೆಯೇ ಸುದ್ದಿ ಬಂತು. 1975ರ ಹೊತ್ತಿಗೆ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ದಲಿತ ಕುಟುಂಬಗಳ ಯುವಕರು, ಮಕ್ಕಳು ಸೊಂಟ, ಮಂಡಿ ನೋವಿನಿಂದ ನಡೆಯಲಾರದಾದರು. ಕೆಲವರು ಕುಳ್ಳಗೇ ಉಳಿದರು. ಗದ್ದೆಗೆ ಹೊಡೆದ ಕೀಟನಾಶಕ, ಅಲ್ಲಿನ ಏಡಿ ತಿಂದದ್ದು ಕಾರಣವೆಂಬ ಶಂಕೆ ಬಹಳ ಕಾಲ ಓಡಾಡಿತು. 1977ರಲ್ಲಿ ಕೃಷ್ಣಮಾಚಾರಿ ಮತ್ತು ಭಟ್ ಇದನ್ನು ಮಲೆನಾಡಿನ ಕೌಟುಂಬಿಕ ಕೀಲುರೋಗವೆಂದು ವರ್ಣಿಸಿದರು. 1990ರ ದಶಕದಲ್ಲಿ ಎಸ್. ಎಸ್. ಅಗರ್ವಾಲ್ ಮತ್ತವರ ತಂಡ ಎಕ್ಸ್‌ರೇ ಮತ್ತು ವಂಶಾವಳಿಗಳನ್ನು ಓದಿ ಇದು ಪ್ರಬಲ ಜೀನಿನ ಮೂಲಕ ಹರಿಯುವ ಮೂಳೆಬೆಳವಣಿಗೆಯ ದೋಷವೆಂದರು. ದಕ್ಷಿಣ ಆಫ್ರಿಕದ ಮ್ಸೆಲೆನಿಯ ಕೀಲುರೋಗದೊಡನೆ ಅದನ್ನು ಹೋಲಿಸಿಯೂ ನೋಡಿದರು. ನೆಲ್ಲೂರಿನಲ್ಲಿ ಉತ್ತರ ಸಿಕ್ಕಿದ್ದು ಬಾವಿಯಲ್ಲಿ, ಹಂದಿಗೋಡಿನಲ್ಲಿ ವಂಶಾವಳಿಯಲ್ಲಿ. ಎರಡೂ ಕಡೆ ಸಂಶೋಧಕರು ಕೀಲಿನಿಂದ ಕಣ್ಣೆತ್ತಿ ಬೇರೆಡೆ ನೋಡಿದ್ದರಿಂದಲೇ ಅದು ಸಿಕ್ಕಿತು.

2006ರಲ್ಲಿ ಇನ್ನೊಂದು ಪೆಟ್ಟು. ಕರ್ನಾಟಕದಲ್ಲಿ ಚಿಕೂನ್‌ಗುನ್ಯಾದ ಏಳು ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ದಾಖಲಾದವು, ಚಿತ್ರದುರ್ಗವೂ ಅದರ ಬಾಯಿಗೆ ಬಿತ್ತು. ಜ್ವರ ವಾರದಲ್ಲಿ ಇಳಿದರೂ ಕೀಲುನೋವು ಕೆಲವರಿಗೆ ತಿಂಗಳು, ವರ್ಷಗಟ್ಟಲೆ ಉಳಿಯಿತು.

ಸವೆತದ ಮಾತು ಸವೆದಾಗ

ಮಂಡಿಯನ್ನು ಓದಿದವರ ಕಡೆ ಈಗ ತಿರುಗೋಣ. ‘ಮಂಡಿ ಸವೆದಿದೆ’ ಎಂಬುದು ವೈದ್ಯರೂ ರೋಗಿಗಳೂ ಒಪ್ಪಿಕೊಂಡ ಮಾತು, ಗಾಡಿಯ ಅಚ್ಚು ಸವೆದ ಹಾಗೆ. ಕಳೆದ ಮೂವತ್ತು ವರ್ಷಗಳ ಸಂಶೋಧನೆ ಈ ಚಿತ್ರವನ್ನು ಕೈಬಿಟ್ಟಿದೆ. ಮೃದ್ವಸ್ಥಿಯ ಕೋಶಗಳು ತಾವೇ ಕಿಣ್ವಗಳನ್ನು ಹೊರಬಿಟ್ಟು ತಮ್ಮ ಸುತ್ತಲಿನ ಕೊಲಾಜೆನನ್ನು ಕರಗಿಸುತ್ತವೆ. ಕೀಲಿನ ಒಳಪೊರೆ ಉರಿಯುತ್ತದೆ. ಕೆಳಗಿನ ಮೂಳೆ ತನ್ನನ್ನು ತಾನೇ ಮರುಕಟ್ಟಿಕೊಳ್ಳುತ್ತದೆ. ರೋಗ ಇಡೀ ಕೀಲಿನದು. 2025ರಲ್ಲಿ ‘ನೇಚರ್’ನಲ್ಲಿ ಬಂದ, ಸುಮಾರು ಇಪ್ಪತ್ತು ಲಕ್ಷ ಜನರ ಜೀನೋಮ್ ಮಾಹಿತಿಯನ್ನು ಸೋಸಿದ ಅಧ್ಯಯನ ಇದಕ್ಕೆ ಸಂಬಂಧಿಸಿದ ಒಂಬೈನೂರಕ್ಕೂ ಹೆಚ್ಚು ಜೀನೋಮ್ ಗುರುತುಗಳನ್ನು ಪಟ್ಟಿಮಾಡಿದೆ.

ಚಿಕಿತ್ಸೆಯ ಪರೀಕ್ಷೆಗಳ ಕಥೆ ಮಾತ್ರ ಬಹುಪಾಲು ನಿರಾಸೆಯದು. 2002ರಲ್ಲಿ ಅಮೆರಿಕದ ಹ್ಯೂಸ್ಟನ್ನಿನಲ್ಲಿ ಜೆ. ಬ್ರೂಸ್ ಮೋಸ್ಲಿ 180 ರೋಗಿಗಳ ಮೇಲೆ ನಡೆಸಿದ ಪರೀಕ್ಷೆಯಲ್ಲಿ, ಕೀಲುದರ್ಶಕ ಕೊಳವೆ ಹಾಕಿ ಮಂಡಿ ತೊಳೆಸಿಕೊಂಡವರಿಗೂ ಚರ್ಮ ಕೊಯ್ದು ಹೊಲಿಸಿಕೊಂಡಷ್ಟೇ ಆದವರಿಗೂ ವ್ಯತ್ಯಾಸ ಕಾಣಲಿಲ್ಲ. 2006ರ ದೊಡ್ಡ ಪರೀಕ್ಷೆಯಲ್ಲಿ ಗ್ಲುಕೋಸಮೈನ್ ಒಟ್ಟಾರೆ ಹುಸಿಗುಳಿಗೆಗಿಂತ ಮೇಲಾಗಲಿಲ್ಲ. ಔಷಧದಂಗಡಿಯಲ್ಲಿ ಅದರ ಮಾರಾಟ ನಿಂತಿಲ್ಲ. ನೋವಿನ ನರಕ್ಕೆ ಕಡಿವಾಣ ಹಾಕುವ ಟನೆಜುಮಾಬ್ ನೋವು ತಗ್ಗಿಸಿದರೂ ಕೆಲವರ ಕೀಲನ್ನು ಬೇಗ ಕೆಡಿಸಿದ್ದರಿಂದ 2021ರಲ್ಲಿ ಕೈಬಿಡಲಾಯಿತು. 2024ರ ಅಕ್ಟೋಬರಿನಲ್ಲಿ ಪ್ರಕಟವಾದ ಪರೀಕ್ಷೆಯೊಂದು ಸದ್ಯದ ದೊಡ್ಡ ಸುದ್ದಿ: ವಾರಕ್ಕೊಂದು ಸೆಮಾಗ್ಲುಟೈಡ್ ಚುಚ್ಚುಮದ್ದು ತೆಗೆದುಕೊಂಡವರ ತೂಕ ಸರಾಸರಿ ಶೇ. 13.7 ಇಳಿಯಿತು, ನೂರರ ಅಳತೆಯಲ್ಲಿ ಮಂಡಿನೋವು 41.7 ಅಂಕ ಇಳಿಯಿತು. ಹುಸಿಮದ್ದಿನವರಲ್ಲಿ ನೋವು ಇಳಿದದ್ದು 27.5. ಅಗ್ಗದ ಮೆಟ್‌ಫಾರ್ಮಿನ್ ಕೂಡ ತೂಕ ಹೆಚ್ಚಿರುವವರ ಮಂಡಿನೋವನ್ನು ತಗ್ಗಿಸಬಲ್ಲದೆಂದು ಆಸ್ಟ್ರೇಲಿಯದ ಸಣ್ಣ ಪರೀಕ್ಷೆ 2025ರಲ್ಲಿ ಹೇಳಿತು.

ಆದರೆ ಸೆಮಾಗ್ಲುಟೈಡ್ ಪರೀಕ್ಷೆಗೆ ಬಂದವರ ಸರಾಸರಿ ತೂಕ 108 ಕಿಲೋ ಮೀರಿತ್ತು. ಹಿರಿಯೂರಿನ ಹೊಲದಲ್ಲಿ ಕುಕ್ಕರುಗಾಲಿನಲ್ಲಿ ಕೂತು ದಿನವಿಡೀ ಶೇಂಗಾ ಬಿಡಿಸುವ, ಈರುಳ್ಳಿ ಮಡಿಯ ಕಳೆ ಕೀಳುವ ಹೆಂಗಸಿಗೂ ಆ ದೇಹಕ್ಕೂ ಎತ್ತಣ ಸಂಬಂಧ? ಅವಳಿಗೆ ಹತ್ತಿರದ್ದು ಬೀಜಿಂಗ್ ಅಧ್ಯಯನ: ಯೌವನದಲ್ಲಿ ದಿನಕ್ಕೆ ಗಂಟೆಗಟ್ಟಲೆ ಕುಕ್ಕರುಗಾಲಿನಲ್ಲಿ ಕೂತವರಿಗೆ ಮುಪ್ಪಿನಲ್ಲಿ ಮಂಡಿರೋಗ ಹೆಚ್ಚೆಂದು 2004ರಲ್ಲೇ ಅದು ತೋರಿಸಿತ್ತು. ಬೆಂಗಳೂರು ಸೇರಿ ಐದು ಕಡೆ ನಡೆದ, 2016ರಲ್ಲಿ ಪ್ರಕಟವಾದ ಭಾರತೀಯ ಸಮೀಕ್ಷೆ ಮಂಡಿರೋಗದ ಪ್ರಮಾಣವನ್ನು ಶೇ. 28.7 ಎಂದಿತು. ಅದೂ ಕೆಲ್‌ಗ್ರೆನ್–ಲಾರೆನ್ಸ್ ಅಳತೆಯನ್ನೇ ಹಿಡಿದದ್ದು.

ಎರಡು ದಾರಿಗಳು ಕೂಡಬೇಕಾದದ್ದು ಈ ಅಳತೆಯ ಬಳಿ. 2001ರಲ್ಲಿ ಟರ್ಕಿಯ ಸಂಶೋಧಕರು ಫ್ಲೋರೋಸಿಸ್ ಇರುವ ಮತ್ತು ಇಲ್ಲದ ರೋಗಿಗಳ ಮಂಡಿಗಳನ್ನು ಹೋಲಿಸಿ, ಫ್ಲೋರೈಡ್ ಮಂಡಿರೋಗದ ತೀವ್ರತೆಯನ್ನು ಹೆಚ್ಚಿಸಬಹುದೆಂದು ಬರೆದರು. ಸವೆತದ ಹಳೆಯ ಸಿದ್ಧಾಂತದಲ್ಲಿ ಇದಕ್ಕೆ ಜಾಗವಿರಲಿಲ್ಲ, ಏಕೆಂದರೆ ಉಜ್ಜಾಟಕ್ಕೂ ನೀರಿಗೂ ಏನು ಸಂಬಂಧ? ಮೃದ್ವಸ್ಥಿಯ ಕೆಳಗಿನ ಮೂಳೆಯೇ ರೋಗದ ಪಾಲುದಾರ ಎಂದು ಒಪ್ಪಿದ ಮೇಲೆ, ಆ ಮೂಳೆಯನ್ನು ಪೆಡಸಾಗಿಸುವ ಫ್ಲೋರೈಡನ್ನು ಹೊರಗಿಡಲು ಕಾರಣ ಉಳಿಯುವುದಿಲ್ಲ. ಅಷ್ಟೇ ಅಲ್ಲ, ಫ್ಲೋರೈಡಿನಿಂದೆದ್ದ ಮುಳ್ಳನ್ನು ಮ್ಯಾಂಚೆಸ್ಟರಿನ ಅಳತೆ ಸವೆತದ ಲೆಕ್ಕಕ್ಕೆ ಸೇರಿಸಿಬಿಡುತ್ತದೆ. ನೀರಿನ ವಿವರ ಕೇಳದೆ ಈ ತಾಲ್ಲೂಕುಗಳಲ್ಲಿ ಮಾಡುವ ಮಂಡಿ ಸಮೀಕ್ಷೆ, ನನ್ನ ದೃಷ್ಟಿಯಲ್ಲಿ, ಎರಡು ರೋಗಗಳನ್ನು ಕೂಡಿ ಒಂದೆಂದು ಬರೆದ ಲೆಕ್ಕ.

ನೀರನ್ನು ಸರಿಮಾಡುವ ಪ್ರಯತ್ನಗಳಿಗೂ ಅರ್ಧ ಶತಮಾನವಾಗುತ್ತ ಬಂತು. ನಾಗಪುರದ ನೀರಿ ಸಂಸ್ಥೆ 1970ರ ದಶಕದಲ್ಲಿ ರೂಪಿಸಿದ ನಲ್ಗೊಂಡ ವಿಧಾನಕ್ಕೆ ಬೇಕಾದದ್ದು ಸುಣ್ಣ, ಪಟಿಕ. ದಿನಾ ಅಳೆದು ಹಾಕುವವರು, ತಳದ ರಾಡಿ ಎತ್ತುವವರು ಇಲ್ಲದೆ ಹಳ್ಳಿಗಳಲ್ಲಿ ಅದು ನಿಲ್ಲಲಿಲ್ಲ. ಈಗ ಊರೂರಲ್ಲಿ ನಾಣ್ಯ ಹಾಕಿ ಕ್ಯಾನು ತುಂಬಿಸುವ ಶುದ್ಧ ನೀರಿನ ಘಟಕಗಳಿವೆ. ಅವು ಕುಡಿಯುವ ನೀರನ್ನು ಶುದ್ಧ ಮಾಡುತ್ತವೆ, ಹೊರಬಿಡುವ ನೀರಿನಲ್ಲಿ ಫ್ಲೋರೈಡನ್ನು ದಟ್ಟವಾಗಿಸುತ್ತವೆ. ಮುದ್ದೆ, ಸಾರಿಗೆ ಎಷ್ಟೋ ಮನೆಗಳಲ್ಲಿ ನಲ್ಲಿ ನೀರೇ. ದೀರ್ಘಕಾಲದ ಪರಿಹಾರ ಮೇಲ್ಮೈ ನೀರು. ಚಿತ್ರದುರ್ಗ, ಹೊಳಲ್ಕೆರೆಗಳಿಗೆ ಶಾಂತಿಸಾಗರ ಕೆರೆಯಿಂದ ನೀರು ಬರುತ್ತದೆ. ವಾಣಿವಿಲಾಸ ಸಾಗರಕ್ಕೆ ಭದ್ರಾ ನದಿಯ ನೀರು ಹರಿಯತೊಡಗಿದ ಮೇಲೆ, ಒಳ್ಳೆಯ ಮಳೆಯೂ ಜೊತೆಗೂಡಿ, 2022ರಲ್ಲಿ ಅದು 1933ರ ನಂತರ ಮೊದಲ ಬಾರಿ ಕೋಡಿ ಬಿತ್ತು.

ಹೊಸ ನೀರು ಕುಡಿದು ಬೆಳೆಯುವ ಮಕ್ಕಳ ಹಲ್ಲಿನಲ್ಲಿ ಫಲ ಬೇಗ ಕಾಣುತ್ತದೆ. ಮೂಳೆಯ ವಿಚಾರ ಹಾಗಲ್ಲ: ಒಳಸೇರಿದ ಫ್ಲೋರೈಡ್ ಹೊರಬರಲು ವರ್ಷಗಳೇ ಬೇಕು. ಕೈಪಂಪಿನ ಕಾಲದಲ್ಲಿ ಹುಟ್ಟಿದವರು ಈಗ ಐವತ್ತರ ಆಸುಪಾಸಿನಲ್ಲಿದ್ದಾರೆ, ಮಂಡಿ ಬದಲಿಸುವ ಶಸ್ತ್ರಚಿಕಿತ್ಸೆಗೆ ಸಾಲು ನಿಲ್ಲುವ ವಯಸ್ಸು ಅವರಿಗೆ ಹತ್ತಿರವಾಗುತ್ತಿದೆ. ಪೆಡಸು ಮೂಳೆಯನ್ನು ಕೊಯ್ಯುವುದೂ ಅದರಲ್ಲಿ ಲೋಹದ ಕೀಲು ಕೂರಿಸುವುದೂ ಶಸ್ತ್ರವೈದ್ಯರಿಗೆ ಬೇರೆಯೇ ಲೆಕ್ಕ. ಮುಂದೋಳಿನ ಎರಡು ಮೂಳೆಗಳ ನಡುವಿನ ಪೊರೆಯಲ್ಲಿ ಸುಣ್ಣ ಕಟ್ಟಿರುವುದು ಫ್ಲೋರೋಸಿಸ್‌ನ ಹಳೆಯ, ನಂಬುಗೆಯ ಗುರುತು. ಮಂಡಿಯ ಎಕ್ಸ್‌ರೇ ತೆಗೆಯುವಾಗಲೇ ಮುಂದೋಳಿನದೊಂದು ತೆಗೆದು, ಮೂತ್ರದ ಫ್ಲೋರೈಡ್ ಅಳೆದು, ಇಪ್ಪತ್ತು ವರ್ಷಗಳ ಹಿಂದೆ ಯಾವ ಬಾವಿಯ ನೀರು ಕುಡಿದಿರಿ ಎಂದು ಕೇಳಿ ಚೀಟಿಯಲ್ಲಿ ಬರೆದಿಡಲು ಹೊಸ ಯಂತ್ರವೇನೂ ಬೇಕಿಲ್ಲ.